ಅರ್ಧ ರಸೀದಿ

“ಅರ್ಧ ರಸೀದಿ ತಂದಿದ್ದೀರಲ್ಲ ಯಜಮಾನ್ರೇ, ನಿಮ್ಮ ಮಗಳು ನಮ್ಮ ಶಾಲೇಲಿ ಅರ್ಧಾನೇ ಓದ್ತಾಳಾ?”

ಶಾಲೆಯ ಗುಮಾಸ್ತ ಆಡಿದ ಈ ಮಾತು ಸೂಜಿಯಣ್ಣನಿಗೆ ಇವತ್ತಿಗೂ ಗಂಟಲಿನಿಂದ ಇಳಿದಿಲ್ಲ. ಸಾಲಿನಲ್ಲಿ ಹಿಂದೆ ನಿಂತಿದ್ದವರು ಕಿಸಕ್ಕನೆ ನಕ್ಕಿದ್ದರು. ಗುಮಾಸ್ತನಿಗೇನು, ಕೌಂಟರಿನ ಹಿಂದೆ ಕೂತವನ ತಮಾಷೆ. ಬಾಣ ಎಲ್ಲಿ ನಾಟಿತು ಅಂತ ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಈಗಲೂ ಆ ರಸ್ತೆಯಲ್ಲಿ ಸೈಕಲ್ ತುಳಿಯುವಾಗ ಶಾಲೆಯ ಗೇಟು ಕಂಡರೆ ಸಾಕು, ಸೂಜಿಯಣ್ಣ ಹಲ್ಲು ಕಡಿಯುತ್ತಾನೆ.

ಅವನದು ಹೊಲಿಗೆ ಯಂತ್ರ ರಿಪೇರಿ. ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗೆ ಅಂಗಡಿ. ಒಳಗೆ ಒಬ್ಬ ಕೂತರೆ ಇನ್ನೊಬ್ಬ ಹೊರಗೇ ನಿಲ್ಲಬೇಕು. ಬಾಯಿ ಬಿಟ್ಟರೆ ಚುಚ್ಚುತ್ತಾನೆ ಅಂತ ದರ್ಜಿಗಳೆಲ್ಲ ಸೇರಿ ಇಟ್ಟ ಹೆಸರು ಸೂಜಿಯಣ್ಣ. “ಇದು ಯಂತ್ರಾನಾ, ಒನಕೆನಾ? ಎಣ್ಣೆ ಕಂಡು ಎಷ್ಟು ವರ್ಷ ಆಯ್ತಮ್ಮಾ?” ಅಂತ ಗಿರಾಕಿಗಳಿಗೆ ಬೈದೇ ಕೆಲಸ ಶುರು ಮಾಡುವವನು. ಬೈಸಿಕೊಂಡವರು ಮತ್ತೆ ಅವನ ಹತ್ತಿರವೇ ಬರುತ್ತಿದ್ದರು, ಯಾಕೆಂದರೆ ಅವನು ಕೈಯಿಟ್ಟ ಯಂತ್ರ ಎರಡು ವರ್ಷ ತಂಟೆ ಮಾಡುತ್ತಿರಲಿಲ್ಲ.

ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಓದುತ್ತಾನೆ, ಬರೆಯುವುದೆಂದರೆ ಬೆವರು. ಆದ್ದರಿಂದಲೇ ಅಂಗಡಿಗೊಂದು ಕಾನೂನು. ಯಂತ್ರ ಬಂದ ಕೂಡಲೇ ಒಂದು ಚೀಟಿಯನ್ನು ಕೈಯಲ್ಲೇ ಅಡ್ಡಾದಿಡ್ಡಿ ಎರಡು ಹೋಳು ಮಾಡುವುದು. ಒಂದು ಹೋಳನ್ನು ದಾರದಿಂದ ಯಂತ್ರದ ಚಕ್ರಕ್ಕೆ ಕಟ್ಟುವುದು, ಇನ್ನೊಂದು ಗಿರಾಕಿಗೆ. ಬರೆದದ್ದನ್ನು ಯಾರಾದರೂ ಬರೆದಾರು, ಹರಿದ ಅಂಚನ್ನು ಇನ್ನೊಬ್ಬರು ಹಾಗೇ ಹರಿಯಲಾರರು ಅಂತ ಕಲಿಸಿದ್ದು ಅವನ ಮೇಸ್ತ್ರಿ. ಅಂಚಿಗೆ ಅಂಚು ಕೂಡಿತೋ, ಯಂತ್ರ ಮನೆಗೆ, ಚೀಟಿ ಬುಟ್ಟಿಗೆ. ಅಲ್ಲಿಗೆ ಅವರಿಗೂ ಇವನಿಗೂ ವ್ಯವಹಾರ ಮುಗಿಯಿತು.

ಹೆಂಡತಿ ಅವಳ ಅಣ್ಣನ ಮನೆಗೆ ಹೋಗಿ ಮೂರು ವರ್ಷವಾಗಿತ್ತು. ಇವನು ಕುಡಿಯುವವನಲ್ಲ, ಕೈ ಎತ್ತಿದವನೂ ಅಲ್ಲ. ಎಲ್ಲ ಬಾಯಿಯದೇ ಉಪದ್ರವ. “ಯಂತ್ರಕ್ಕೆ ಬಿಡೋ ಎಣ್ಣೇಲಿ ಒಂದು ತೊಟ್ಟು ನಿಮ್ಮ ನಾಲಿಗೆಗೂ ಬಿಟ್ಕೊಂಡಿದ್ರೆ ಆಗ್ತಿತ್ತು ಕಣ್ರೀ,” ಅಂದವಳೇ ಎರಡು ಚೀಲ ಹಿಡಿದು ಬಸ್ಸು ಹತ್ತಿದ್ದಳು. ಹನ್ನೊಂದು ವರ್ಷದ ಮಗಳು ಕಿಟಕಿ ಪಕ್ಕ ಕೂತಿದ್ದಳು.

ಆಮೇಲೆ ಎರಡು ಕೋಣೆಯ ಮನೆಯಲ್ಲಿ ಅವನೊಬ್ಬನೇ. ಬೆಳಿಗ್ಗೆ ಅನ್ನಕ್ಕಿಟ್ಟರೆ ಕೈ ತಪ್ಪಿ ಮೂವರಿಗಾಗುವಷ್ಟು ಅಕ್ಕಿ ಬೀಳುತ್ತಿತ್ತು. ಅದನ್ನೇ ಎರಡು ಹೊತ್ತು ಉಣ್ಣುತ್ತಿದ್ದ. ಭಾನುವಾರವೂ ಅಂಗಡಿ ತೆರೆಯುವುದು ರೂಢಿಯಾಯಿತು. “ರಜಾ ದಿನಾನಾದ್ರೂ ಮನೇಲಿ ಬಿದ್ಕೋಬಾರ್ದಾ?” ಅಂತ ಪಕ್ಕದಲ್ಲಿ ಇಸ್ತ್ರಿ ಹಾಕುವ ಅಕ್ಕ ಕೇಳಿದರೆ, “ಮನೇಲಿ ಯಾರಿಗೆ ಬೈಯಲಿ, ಗೋಡೆಗಾ?” ಅನ್ನುತ್ತಿದ್ದ. ಅಕ್ಕ ನಗುತ್ತಿದ್ದಳು. ಅವನು ಎಣ್ಣೆ ಹಾಕಿದ ಯಂತ್ರಕ್ಕೇ ಇನ್ನೊಮ್ಮೆ ಎಣ್ಣೆ ಹಾಕುತ್ತಿದ್ದ.

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಮಗಳು ಅಂಗಡಿ ಮುಂದೆ ಬಂದು ನಿಂತಳು. ಯೂನಿಫಾರ್ಮಿನಲ್ಲಿ, ಇವನ ಭುಜದೆತ್ತರ ಬೆಳೆದು.

“ಅಪ್ಪಾ, ಶಾಲೆಯಿಂದ ವಿದೇಶಕ್ಕೆ ಪ್ರವಾಸ ಹೋಗ್ತಿದಾರೆ. ಎಂಟು ದಿನ. ಮೊದಲು ಮುಂಗಡ ಕಟ್ಟಬೇಕು. ಮಾವ ಆಗಲ್ಲ ಅಂದ್ರು.”

“ನಿಮ್ಮ ಮಾವ ಯಾವತ್ತು ಆಗುತ್ತೆ ಅಂದಿದ್ದ?”

“ಅಲ್ಲೊಂದು ಮ್ಯೂಸಿಯಂ ಇದೆಯಂತಪ್ಪ. ನೂರೈವತ್ತು ವರ್ಷದ ಹಿಂದಿನ ಹೊಲಿಗೆ ಯಂತ್ರ ಇಟ್ಟಿದಾರಂತೆ. ಫೋಟೋ ತೆಕ್ಕೊಂಡು ಬರ್ತೀನಿ. ಏನು ರಿಪೇರಿ ಬೇಕು ನೀನು ಹೇಳು.”

ಬೇರೆ ಯಾರಾದರೂ ಆಗಿದ್ದರೆ ಪೂಸಿ ಹೊಡೆಯುತ್ತಿದ್ದಾರೆ ಅಂತ ಗದರುತ್ತಿದ್ದ. ಅವತ್ತು ಸ್ಕ್ರೂಡ್ರೈವರ್ ಕೆಳಗಿಟ್ಟು, ಮುಂಗಡ ಎಷ್ಟು ಅಂತ ಕೇಳಿದ. ಮೇಸ್ತ್ರಿ ಸಾಯುವ ಮುಂಚೆ ಕೊಟ್ಟಿದ್ದ, ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರವೊಂದು ಮನೆಯಲ್ಲಿತ್ತು, ಕೇಳಿದವರಿಗೆಲ್ಲ ಇಲ್ಲ ಅಂದು ಕಳಿಸಿದ್ದ. ಸೋಮವಾರ ಅದನ್ನು ಮಾರಿದ. ಮಂಗಳವಾರ ಒಗೆದ ಅಂಗಿ ಹಾಕಿಕೊಂಡು ಹೋಗಿ ಶಾಲೆಯಲ್ಲಿ ಮುಂಗಡ ಕಟ್ಟಿದ.

ಗುಮಾಸ್ತ ರಸೀದಿ ಕೊಟ್ಟ. ಗೇಟಿನ ಹೊರಗೆ ಕಾಯುತ್ತಿದ್ದ ಮಗಳ ಮುಂದೆ, ಯೋಚನೆಯೂ ಇಲ್ಲದೆ, ಇಪ್ಪತ್ತೆಂಟು ವರ್ಷದ ಕೈಯಭ್ಯಾಸ, ಸೂಜಿಯಣ್ಣ ಅದನ್ನು ಪರ್ರನೆ ಎರಡು ಮಾಡಿದ. ನಂಬರಿದ್ದ ಹೋಳು ತನ್ನ ಜೇಬಿಗೆ, ಸೀಲು ಸಹಿ ಇದ್ದ ಹೋಳು ಅವಳ ಕೈಗೆ.

“ಅಯ್ಯೋ ಅಪ್ಪಾ! ನಾನೇನು ಯಂತ್ರಾನಾ?”

“ಸುಮ್ನಿರೇ. ಹೋಗಿ ಬಂದ ಮೇಲೆ ತಗೊಂಡು ಬಾ, ಕೂಡ್ಸೋಣ.”

ಅವಳು ನಗುತ್ತಾ ಅದನ್ನು ಕಂಪಾಸು ಪೆಟ್ಟಿಗೆಯಲ್ಲಿಟ್ಟುಕೊಂಡಳು. ಅಲ್ಲಿಂದ ಏಳು ಶನಿವಾರ ತಪ್ಪದೆ ಬಂದಳು. ಮೆಟ್ಟಿಲ ಮೇಲೆ ಕೂತು, ಆ ದೇಶದ ರೈಲು ಹೇಗಂತೆ, ಚಳಿ ಎಷ್ಟಂತೆ ಅಂತ ಹೇಳುತ್ತಿದ್ದಳು. ಇವನು ತಲೆಯೆತ್ತದೆ ಬಾಬಿನ್ ಬಿಚ್ಚುತ್ತಾ ಹೂಂಗುಟ್ಟುತ್ತಿದ್ದ. ಶುಕ್ರವಾರ ಸಂಜೆಯೇ ಮೆಟ್ಟಿಲು ಒರೆಸಿ ಇಡುತ್ತಿದ್ದ.

ಎಂಟನೇ ಶನಿವಾರ ಬಂದವಳು, ಪ್ರವಾಸ ರದ್ದಾಗಿದೆ ಅಂದಳು. ಎರಡನೇ ಕಂತು ಕಟ್ಟಿದವರು ಕಡಿಮೆಯಂತೆ. ಮುಂಗಡ ವಾಪಸು ಕೊಡುತ್ತಾರಂತೆ, ಅಸಲು ರಸೀದಿ ತರಬೇಕಂತೆ. ಸೂಜಿಯಣ್ಣನಿಗೆ ರೇಗಿಹೋಯಿತು. ಶಾಲೆಗೆ ಬೈದ, ಮೇಷ್ಟ್ರುಗಳಿಗೆ ಬೈದ, ಇನ್ನೂ ಯಾರಾರಿಗೋ ಬೈದ. ಯಂತ್ರ ಬಿಡಿಸಿಕೊಳ್ಳಲು ಬಂದಿದ್ದ ಇಬ್ಬರು ದರ್ಜಿಗಳು ನೋಡುತ್ತಾ ನಿಂತಿದ್ದರು. ಮಗಳು ಬೇಗ ಎದ್ದು ಹೋದಳು.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದೂ ಇಲ್ಲ. ಪ್ರವಾಸಕ್ಕೋಸ್ಕರ ಬರುತ್ತಿದ್ದಳು, ಪ್ರವಾಸ ಹೋಯಿತು, ಅಪ್ಪನೂ ಹೋದ. ಹಾಗಂದುಕೊಂಡು ಸಿಟ್ಟಿನಲ್ಲೇ ತನ್ನ ಹೋಳನ್ನು ಹಿಡಿದು ಶಾಲೆಗೆ ಹೋದ. ಗುಮಾಸ್ತ ಆ ಮಾತಾಡಿದ್ದು ಅವತ್ತೇ.

“ಪುಸ್ತಕದಲ್ಲಿ ನನ್ನ ಹೆಸರಿಲ್ವೇನ್ರೀ? ತೆಗೆದು ನೋಡ್ರೀ!” ಅಂತ ಸೂಜಿಯಣ್ಣ ಕೌಂಟರಿಗೆ ಗುದ್ದಿದ. ಮಸಿಬುಡ್ಡಿ ಉರುಳಿತು.

“ಇದೆ. ಆದ್ರೆ ರಸೀದಿ ವಾಪಸ್ ತಗೊಂಡೇ ಕೊಡ್ಬೇಕು ಅಂತ ಆದೇಶ. ಇನ್ನರ್ಧ ತನ್ನಿ, ಕೊಡ್ತೀನಿ. ಈ ತಿಂಗಳ ಕೊನೇ ಶುಕ್ರವಾರದೊಳಗೆ.”

ಕಾವಲಿನವನು ಬಂದು ತೋಳು ಹಿಡಿದು ಹೊರಗೆ ಬಿಟ್ಟ.

ಇನ್ನರ್ಧ ಬೇಕೆಂದರೆ ಭಾವನ ಮನೆಯ ಬಾಗಿಲು ತಟ್ಟಬೇಕು. ಮೂರು ವರ್ಷದಲ್ಲಿ ಒಂದು ಸಲವೂ ತಟ್ಟಿರಲಿಲ್ಲ. ಎರಡು ಬಸ್ಸು ಬದಲಾಯಿಸಿ ಹೋದ. ಬಾಗಿಲು ತೆಗೆದದ್ದು ಹೆಂಡತಿ. ಕೈಗೆ ಸೋಪಿನ ನೊರೆ ಮೆತ್ತಿತ್ತು.

“ಬನ್ನಿ ಅನ್ನೋಕೆ ಇದು ನನ್ನ ಮನೆಯಲ್ಲ,” ಅಂದಳು. ಆದರೂ ನೀರು ತಂದುಕೊಟ್ಟಳು. ಲೋಟ ಖಾಲಿಯಾಗುವ ತನಕ ನಿಂತಿದ್ದು, “ಬಡವಾಗಿದ್ದೀರಲ್ರೀ,” ಅಂದು ಒಳಗೆ ಹೋಗಿ ಮಗಳನ್ನು ಕಳಿಸಿದಳು.

ಮಗಳು ಹೊಸ್ತಿಲಲ್ಲೇ ನಿಂತಳು. ಕೈಯಲ್ಲಿ ಕಂಪಾಸು ಪೆಟ್ಟಿಗೆಯಿತ್ತು, ಕೇಳುವ ಮುಂಚೆಯೇ ಹೋಳನ್ನು ಚಾಚಿದಳು. ಮಡಿಕೆಯಿಲ್ಲದೆ, ಪ್ಲಾಸ್ಟಿಕ್ ಹಾಳೆಯ ಒಳಗೆ.

“ಯಾಕೆ ಬರ್ತಿಲ್ಲ ನೀನು?”

“ಅವತ್ತು ಏನಂದೆ ನೆನಪಿಲ್ವಾ ಅಪ್ಪಾ?”

“ಏನಂದೆ? ಶಾಲೆಗೆ ಬೈದೆ. ಬೈಬಾರ್ದಾ?”

“ಆಮೇಲೆ. ‘ನಿನ್ನ ಮೂತಿಗೆ ವಿದೇಶ ಬೇರೆ ಕೇಡು, ನಿನ್ನಿಂದ ನನ್ನ ಮೇಸ್ತ್ರಿ ಯಂತ್ರಾನೂ ಹೋಯ್ತು’ ಅಂದೆ. ಆ ಇಬ್ಬರ ಮುಂದೆ.”

ಸೂಜಿಯಣ್ಣ ಹೋಳನ್ನು ತನ್ನದರ ಜೊತೆ ಜೇಬಿಗಿಟ್ಟ. ಅಂದಿರಬಹುದು. ಅಂದಿದ್ದ. ಬೆವರು ಒರೆಸಿಕೊಂಡ ಹಾಗೆ ಬಾಯಿಂದ ಹೋದ ಮಾತು, ಅದನ್ನು ಅವನು ಮಾತೆಂದೇ ಲೆಕ್ಕ ಹಿಡಿದಿರಲಿಲ್ಲ. ಈಗ ಹೇಳಬೇಕಾದ ಮಾತೊಂದಿತ್ತು. ಆ ಒಂದು ಮಾತಿಗೆ ನಾಲಿಗೆ ತುಕ್ಕು ಹಿಡಿದ ಸ್ಕ್ರೂ ಆಗಿಬಿಟ್ಟಿತು, ಎಷ್ಟು ತಿರುಗಿಸಿದರೂ ಅಲ್ಲಾಡಲಿಲ್ಲ.

“ಶನಿವಾರ ಬಾ,” ಅಂದ ಕೊನೆಗೆ.

“ಚೀಟಿ ಕೂಡ್ತಲ್ಲಪ್ಪ,” ಅಂದಳು ಮಗಳು. ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ಚೀಟಿ ಕೂಡಿದರೆ ವ್ಯವಹಾರ ಮುಗಿಯಿತು, ಅಂಗಡಿಯ ಆ ಕಾನೂನು ಅವಳಿಗೂ ಗೊತ್ತಿತ್ತು, ಅಷ್ಟೆ.

ಕೊನೆಯ ಶುಕ್ರವಾರ ಎರಡೂ ಹೋಳು ಜೇಬಿನಲ್ಲಿಟ್ಟುಕೊಂಡು ಸಾಲಿನಲ್ಲಿ ನಿಂತ. ಅವನ ಸರದಿ ಬಂತು. ಗುಮಾಸ್ತ ಅವತ್ತು ಮೆತ್ತಗಿದ್ದ. “ತಂದ್ರಾ? ಕೊಡಿ ಯಜಮಾನ್ರೇ, ಅಂಟಿಸಿ ಮುಗಿಸಿಬಿಡೋಣ,” ಅಂದು ಅಂಟಿನ ಬಾಟಲಿಯನ್ನೂ ಈಚೆ ತಳ್ಳಿದ. ಸೂಜಿಯಣ್ಣ ಎರಡೂ ಹೋಳುಗಳನ್ನು ಕೌಂಟರಿನ ಮೇಲಿಟ್ಟ. ನಡುವೆ ಒಂದು ಬೆರಳಿನಷ್ಟು ಜಾಗ. ಹರಿದ ಅಂಚುಗಳು ಎದುರೆದುರು ನೋಡುತ್ತಿದ್ದವು. ಗುಮಾಸ್ತ ಕೈ ಚಾಚಿದ.

“ಮುಟ್ಟಬೇಡ್ರೀ!” ಅಂತ ಕಿರುಚಿದ ಸೂಜಿಯಣ್ಣ. ಎರಡನ್ನೂ ಬಾಚಿಕೊಂಡು ಹೊರಗೆ ಬಂದುಬಿಟ್ಟ.

ಮರುದಿನ ಮತ್ತೆ ಎರಡು ಬಸ್ಸು ಹತ್ತಿದ. ಮಗಳು ಪಾಠಕ್ಕೆ ಹೋಗಿದ್ದಳು. ಅವಳ ಹೋಳನ್ನು ಹೆಂಡತಿಯ ಕೈಗೆ ಕೊಟ್ಟ.

“ದುಡ್ಡು?” ಅಂದಳು ಅವಳು.

“ತಗೊಂಡಿಲ್ಲ.”

“ತಲೆ ಕೆಟ್ಟಿದೆಯೇನ್ರೀ ನಿಮಗೆ?”

“ಅವಳದು ಅವಳ ಹತ್ರಾನೇ ಇರ್ಲಿ ಅಂತ ಹೇಳು. ಚೀಟಿ ಇನ್ನೂ ಕೂಡಿಲ್ಲ ಅಂತ ಹೇಳು.”

ಅವಳು ಹೋಳನ್ನು ಹಿಡಿದು ಒಳಗೆ ಹೋದಳು. ಬಸ್ಸಿನಲ್ಲಿ ಕೂತ ಮೇಲೆ ಅವನಿಗೆ ಹೊಳೆಯಿತು: ಕ್ಷಮಿಸು ಅನ್ನುವ ಆ ಮಾತನ್ನು ಈ ಸಲವೂ ಹೇಳಿ ಕಳಿಸಲಿಲ್ಲ. ಇಳಿದು ವಾಪಸು ಹೋಗೋಣವೇ ಅಂದುಕೊಂಡ. ಹೋಗಲಿಲ್ಲ.

ಅವನ ಹೋಳು ಅಂಗಡಿಯ ಮೊಳೆಯಲ್ಲಿದೆ, ಯಾರೂ ಬಿಡಿಸಿಕೊಳ್ಳದ ಯಂತ್ರಗಳ ಚೀಟಿಗಳ ಜೊತೆ. ಎರಡು ವರ್ಷವಾಯಿತು, ಮಗಳು ಇನ್ನೂ ಬಂದಿಲ್ಲ. “ಆ ಶಾಲೆಯವರು ನನ್ನ ದುಡ್ಡು ನುಂಗಿ ಕೂತಿದಾರೆ,” ಅಂತ ಬಂದವರಿಗೆಲ್ಲ ಹೇಳುತ್ತಾನೆ. “ನೀನು ಕೊಡಬೇಕಾದ್ದು ಯಾರಿಗೂ ಏನೂ ಇಲ್ವಾ ಅಣ್ಣಾ?” ಅಂತ ಇಸ್ತ್ರಿ ಅಕ್ಕ ಒಮ್ಮೆ ಕೇಳಿದಳು. ಅವಳಿಗೆ ಬೈಯಲಿಲ್ಲ. ಒರೆಸುವ ಬಟ್ಟೆ ತೆಗೆದುಕೊಂಡು ಮೆಟ್ಟಿಲು ಒರೆಸಿದ. ಅವತ್ತು ಶುಕ್ರವಾರ.