ಮಸ್ಕಿಗೆ ಬಂದಾಗ ಅರಳುವ ಮಲ್ಲಿಗೆ

ಇಡೀ ಬಸ್ಸಿಗೆ ಗೊತ್ತಿದ್ದ ಗುಟ್ಟನ್ನು ಹತ್ತು ತಿಂಗಳು ಜೋಪಾನವಾಗಿ ಕಾಪಾಡಿದ ಜಾಣೆ ನಾನು. ಹೆಸರು ರೇಣುಕಾದೇವಿ. ವಯಸ್ಸು ನಲವತ್ತೆರಡು, ಹುಟ್ಟಿದ್ದು ಮುಕ್ಕುಂದದಲ್ಲಿ, ಕೆಲಸ ಸಿಂಧನೂರು–ಮಸ್ಕಿ–ಲಿಂಗಸುಗೂರು ಬಸ್ಸಿನಲ್ಲಿ ಕಂಡಕ್ಟರ್. ಎಪ್ಪತ್ತು ಮಂದಿ ತುಂಬಿದ ಗಾಡಿಯಲ್ಲಿ ಟಿಕೆಟ್ ತಗೊಳ್ಳದೆ ಕಿಟಕಿ ಕಡೆ ಮುಖ ಮಾಡಿದವನು ಯಾರು ಅಂತ ಹಿಂದಿನ ಬಾಗಿಲಿನಿಂದಲೇ ಹೇಳುತ್ತೇನೆ. ಅಷ್ಟು ಚುರುಕು. ನನ್ನ ಮೈಯಿಂದಲೇ ಏನು ವಾಸನೆ ಹೊಡೆಯುತ್ತಿದೆ ಅನ್ನುವುದೊಂದು ನನಗೆ ತಿಳಿಯುತ್ತಿರಲಿಲ್ಲ.

ಈ ನೌಕರಿ ನಾನು ಗಳಿಸಿದ್ದಲ್ಲ. ನನ್ನ ಗಂಡ ಶಿವರಾಜ ಡ್ರೈವರ್ ಆಗಿದ್ದ. ಕೊರೋನಾದ ಎರಡನೇ ಸುತ್ತಿನಲ್ಲಿ ಆರು ದಿನ ಜ್ವರ ಬಂದು ಹೋಗಿಬಿಟ್ಟ. ಅನುಕಂಪದ ಮೇಲೆ ಅವನ ಖಾಕಿ ನನ್ನ ಮೈಮೇಲೆ ಬಂತು. ಅದೇ ವಾರ ಅತ್ತೆ ಗ್ಯಾನಮ್ಮನಿಗೂ ಜ್ವರ ಬಂದಿತ್ತು, ಆಕೆ ಉಳಿದರು. ಮಗಳು ರಾಯಚೂರಿನ ಹಾಸ್ಟೆಲ್ಲು ಸೇರಿದ ಮೇಲೆ ಸಿಂಧನೂರಿನ ಮನೆಯಲ್ಲಿ ಉಳಿದದ್ದು ನಾವಿಬ್ಬರೇ. "ನೀ ಬಸ್ಸು ನೋಡು, ಒಲಿ ನಾ ನೋಡ್ತೀನಿ," ಅಂತ ಅತ್ತೆ ಅಡಿಗೆಮನೆ ಹಿಡಿದರು, ನಾನು ಬಸ್ಸಿನ ಕಂಬಿ ಹಿಡಿದೆ.

ತಿಂಗಳು ಕಳೆದ ಮೇಲೆ ಹೂವಿನವಳು ಎಂದಿನಂತೆ ಬಾಗಿಲಿಗೆ ಬಂದು ಮಲ್ಲಿಗೆ ಅಂತ ಕೂಗಿದಳು. ಅತ್ತೆ ಹೊರಗೆ ಹೋಗಿ, "ಇನ್ನ ಹೂವು ಬ್ಯಾಡವ್ವ. ದೇವರಿಗೆ ಮನಿ ಮುಂದಿನ ದಾಸಾಳ ಸಾಕು," ಅಂದರು. ಒಳಗೆ ನಿಂತವಳಿಗೆ ಕೇಳಿಸಿತು. ಲಗ್ನವಾದಾಗಿನಿಂದ ಒಂದು ದಿನವೂ ಮಲ್ಲಿಗೆ ತಪ್ಪಿಸದವಳು ನಾನು. ಗಂಡ ಸತ್ತವಳಿಗೆ ಹೂವು ಯಾಕೆ ಅಂತ ಬಾಯಿಬಿಟ್ಟು ಹೇಳಬೇಕೇ? ತಿಳಿದುಕೊಂಡೆ. ಆ ಹೊತ್ತು ಗಂಡ ಇನ್ನೊಂದು ಸಲ ಸತ್ತಷ್ಟು ಸಂಕಟವಾಯಿತು, ಅದನ್ನೂ ನುಂಗಿಕೊಂಡೆ.

ಮೂರು ವರ್ಷ ಹಾಗೇ ನಡೆಯಿತು. ಒಂದು ದಿನ ಯಾರೋ ಹೂವಿನ ಪುಟ್ಟಿಯನ್ನು ನನ್ನ ಸೀಟಿನ ಪಕ್ಕ ಇಟ್ಟರು. ಟಿಕೆಟ್ ಮಷಿನ್ ನೋಡುವ ನೆವದಲ್ಲಿ ಬಗ್ಗಿ ಮೂಸಿದೆ. ಮತ್ತೆ ಮೂಸಿದೆ. ಮಷಿನ್ ಅಷ್ಟು ಸಲ ಕೆಡುತ್ತದೆಯೇ? ಎದುರಿನ ಸೀಟಿನಲ್ಲಿದ್ದ ಮೆಹರಬಾನು ನೋಡಿಬಿಟ್ಟಳು. ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದೆ ಬಳೆ, ಸುರ್ಮಾ, ಅತ್ತರ್ ಮಾರುವವಳು ಆಕೆ. ಮರುದಿನ ಅಂಗಡಿಗೆ ಕರೆದು ಕಿರುಬೆರಳಿನಷ್ಟು ಬಾಟಲಿ ಕೈಯಲ್ಲಿಟ್ಟಳು.

"ಹೂವು ಮಂದಿ ಕಣ್ಣಿಗೆ ಬೀಳತೈತಿ ರೇಣುಕಾಬಾಯಿ," ಅಂದಳು. "ಅತ್ತರ್ ಯಾರಿಗೆ ಕಾಣತೈತಿ?"

ಮಂದಿಗೆ ಕಣ್ಣಿನ ಕೆಳಗೆ ಮೂಗೂ ಇದೆ ಅನ್ನುವುದು ನನಗೆ ಆಗ ಹೊಳೆಯಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೂ ನನಗೂ ಖಾಕಿ ಒಂದೇ ವ್ಯತ್ಯಾಸ.

"ಇದು ಒಂದ ಹೂವಿನ ಅತ್ತರ್. ಗುಲಾಬಿ, ಕೇದಗಿ ಏನೂ ಕೂಡಿಸಿಲ್ಲ," ಅಂತ ಮೆಹರಬಾನು ಬಿರಡೆಯ ಗಾಜಿನ ಕಡ್ಡಿಯನ್ನು ನನ್ನ ಮಣಿಕಟ್ಟಿಗೆ ಮುಟ್ಟಿಸಿದಳು. "ಇಷ್ಟ ಸಾಕು. ತಿಕ್ಕಬ್ಯಾಡ. ಮತ್ತ ಒಂದು ಮಾತು ನೆನಪಿಡು, ತಾಸಿನ ಮ್ಯಾಲೆ ನಿನ್ನ ಮೂಗು ದಣಿತೈತಿ. ನಿನಗ ಬರಲಿಲ್ಲಂದ್ರ ಖುಷ್‌ಬೂ ಹೋಗೇತಿ ಅನಕೋಬ್ಯಾಡ. ಮಂದಿಗೆ ಬರಾಕತ್ತಿರತೈತಿ."

ತಿಕ್ಕಬಾರದು ಅನ್ನುವುದು ನೆನಪಿಟ್ಟೆ, ಕೊನೆಯ ಮಾತು ಅಲ್ಲೇ ಬಿಟ್ಟು ಬಂದೆ.

ಸಿಂಧನೂರಲ್ಲಿ ಹಚ್ಚಿಕೊಂಡಾಗ ಅದು ಮಲ್ಲಿಗೆಯೇ ಅಲ್ಲ. ಎಣ್ಣೆ ಜಿಡ್ಡು, ಹಸಿರು ತೊಟ್ಟು ಮುರಿದ ಘಾಟು, ಮೂಗಿನ ತುದಿಗೆ ಚುರುಕ್ ಅನ್ನುತ್ತದೆ. ಮೊದಲ ದಿನ ಮೆಹರಬಾನು ಮೋಸ ಮಾಡಿದಳು ಅಂತ ಕಾಲುವೆ ದಾಟುವವರೆಗೆ ಬೈದುಕೊಂಡಿದ್ದೆ. ಗದ್ದೆಯ ತಂಪು ಗಾಳಿ ಇರುವಷ್ಟು ಹೊತ್ತು ಅದು ಮೊಗ್ಗಾಗಿಯೇ ಮುದುಡಿ ಕೂತಿರುತ್ತದೆ. ಮುಂದೆ ಬಿಸಿಲು ಏರಿ, ಮಸ್ಕಿಯ ಗುಡ್ಡ ಕಾಣುವ ಹೊತ್ತಿಗೆ ಮೈ ಬೆವೆತು ಕಾವೇರುತ್ತದೆ ನೋಡಿ, ಆಗ ಅರಳುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಹೂವಿನ ದಂಡೆಯನ್ನು ಸಂಜೆ ಬಿಚ್ಚಿ ಕೈಗೆತ್ತಿಕೊಂಡ ಹಾಗೆ. ಲಿಂಗಸುಗೂರು ಬರುವಷ್ಟರಲ್ಲಿ ಸಿಹಿ ಹೆಚ್ಚಾಗಿ, ಬೆಳಿಗ್ಗೆ ತಲೆಯಿಂದ ತೆಗೆದ ಬಾಡಿದ ಹೂವಿನ ವಾಸನೆಗೆ ತಿರುಗುತ್ತದೆ. ವಾಪಸು ಬರುವಾಗ ಹೂವು ಹೋಗಿ ಅತ್ತರಿಗೆ ಅಡಿಯಾಗಿ ಹಾಕುವ ಗಂಧದೆಣ್ಣೆಯೊಂದೇ ಚರ್ಮಕ್ಕೆ ಅಂಟಿಕೊಂಡಿರುತ್ತದೆ, ಮಣಿಕಟ್ಟನ್ನು ಮೂಗಿಗೆ ತಾಗಿಸಿದರೆ ಮಾತ್ರ ಸಿಗುತ್ತದೆ.

ಇದು ಮೊದಲ ವಾರದ ಕಥೆ. ಆಮೇಲೆ ಮಸ್ಕಿಗೆ ಬಂದರೂ ನನಗೆ ಏನೂ ಬರದಂತಾಯಿತು. ಬಿಸಿಲಿಗೆ ಹಾರಿಹೋಯಿತು ಅಂದುಕೊಂಡು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇನ್ನೊಂದು ಸಲ ಹಚ್ಚಿದೆ. ಕಡ್ಡಿಯ ತುದಿ ಹೋಗಿ ಅರ್ಧ ಕಡ್ಡಿಯಾಯಿತು, ಮಣಿಕಟ್ಟು ಹೋಗಿ ಕತ್ತೂ ಕಿವಿಯ ಹಿಂದೂ ಆಯಿತು. ಹೆಣ್ಣುಮಕ್ಕಳು ಜೀರೋ ಟಿಕೆಟ್ ಇಸಿದುಕೊಳ್ಳುತ್ತ ನನ್ನ ಬೋಳು ತುರುಬಿನ ಕಡೆ ನೋಡುತ್ತಿದ್ದರು. ನನ್ನ ದಿಟ್ಟತನ ನೋಡುತ್ತಿದ್ದಾರೆ ಅಂತ ನಾನು ಎದೆ ಸೆಟೆಸಿ ನಡೆಯುತ್ತಿದ್ದೆ.

ಡ್ರೈವರ್ ಪಂಪಾಪತಿ ಒಂದು ದಿನ ರಸ್ತೆ ಮೇಲಿನ ಕಣ್ಣು ತೆಗೆಯದೆ ಹೇಳಿದ, "ಅಕ್ಕಾರ, ಮಸ್ಕಿ ಮಂದಿ ನಮ್ಮ ಬಸ್ಸಿಗೆ ಮಲ್ಲಿಗಿ ಗಾಡಿ ಅಂತಾರ್ರಿ."

"ಯಾರರ ಹೂವಿನ ಪುಟ್ಟಿ ತರ್ತಾರಪಾ," ಅಂದೆ.

"ಹೂಂ ರೀ," ಅಂದ. "ದಿನಾ ತರ್ತಾರ."

ಹೊರಗಿನವರಿಗೆ ಹೆದರುವವಳಲ್ಲ ನಾನು. ನನಗಿದ್ದ ಹೆದರಿಕೆ ಅತ್ತೆಯದು. ಮಗನನ್ನು ಮಣ್ಣು ಮಾಡಿ ಬಂದ ಮನೆಯಲ್ಲಿ ಸೊಸೆ ಘಮಘಮ ಅಂತ ಓಡಾಡುತ್ತಾಳೆ ಅಂತ ಗೊತ್ತಾದರೆ ಆ ಮುಖ ಹೇಗೆ ನೋಡಲಿ? ಬೈದರೆ ತಡೆದುಕೊಳ್ಳಬಹುದು, ಮಾತು ಬಿಟ್ಟರೆ ಆ ಮನೆಯಲ್ಲಿ ನನ್ನ ಕೂಡ ಮಾತಾಡುವವರು ಇನ್ನಾರೂ ಇಲ್ಲ. ಅದಕ್ಕೆ ಡಿಪೋದಲ್ಲೇ ಸೋಪು ಹಚ್ಚಿ ತೊಳೆಯುತ್ತಿದ್ದೆ. ಮಣಿಕಟ್ಟಿಗೆ ಉಳ್ಳಾಗಡ್ಡಿ ತಿಕ್ಕುತ್ತಿದ್ದೆ. ಒಣಮೀನು ಮಾರುವ ಸಂದಿಯಲ್ಲಿ ಸುತ್ತು ಹಾಕಿ ಮನೆಗೆ ಹೋಗುತ್ತಿದ್ದೆ. ಒಟ್ಟಿನಲ್ಲಿ ಮಲ್ಲಿಗೆ, ಉಳ್ಳಾಗಡ್ಡಿ, ಮೀನು ಮೂರೂ ಸೇರಿ ಮನೆಗೆ ಬರುತ್ತಿದ್ದವು.

ಇಷ್ಟು ಮಾಡಿದರೂ ಅತ್ತೆಗೆ ಗೊತ್ತಾಗಿದೆ ಅಂತ ನನಗೆ ಅನುಮಾನ ಬಂತು. ಯಾಕೆಂದರೆ ಬೇಳೆಯ ಒಗ್ಗರಣೆ ಸೀದಿರುತ್ತಿತ್ತು. ಬೆಳ್ಳುಳ್ಳಿ ಇದ್ದಿಲಾಗಿರುತ್ತಿತ್ತು. ಒಂದು ದಿನ ಒಡೆದ ಹಾಲಿನಲ್ಲೇ ಚಹಾ ಮಾಡಿಕೊಟ್ಟು ಎದುರಿಗೇ ಕೂತರು. ತಮ್ಮೂರು ಸಾಲಗುಂದದಲ್ಲಿ ಊರಿಗೆ ಊರೇ ಹೊಗಳಿದ ಕೈ ಅದು, ತಪ್ಪುವ ಕೈಯಲ್ಲ. ಇದು ಸಿಟ್ಟು, ಬಾಯಲ್ಲಿ ಆಡದೆ ತಾಟಿನಲ್ಲಿ ಬಡಿಸುತ್ತಿದ್ದಾರೆ ಅಂತ ಲೆಕ್ಕ ಹಾಕಿದೆ. ತಪ್ಪಿತಸ್ಥಳ ಹಾಗೆ ಎಲ್ಲವನ್ನೂ ತಲೆ ತಗ್ಗಿಸಿ ತಿಂದೆ. "ಭಾಳ ಚಲೋ ಆಗೇತ್ರಿ ಅತ್ತಿ," ಅಂತಲೂ ಅನ್ನುತ್ತಿದ್ದೆ.

ಹೋದ ಏಪ್ರಿಲ್‌ನಲ್ಲಿ ಒಂದು ಸಂಜೆ ವಾಪಸು ಬರುವಾಗ ಬಸ್ಸು ಕಿಕ್ಕಿರಿದಿತ್ತು. ಯಾರದೋ ಮೊಣಕೈ ಎದೆಗೆ ಬಡಿದು, ಅಂಗಿಯ ಜೇಬಿನಲ್ಲಿದ್ದ ಬಾಟಲಿಯ ಬಿರಡೆ ಕಳಚಿ ಅತ್ತರೆಲ್ಲ ಜೇಬಿಗೆ ಇಳಿಯಿತು. ಪಂಪಾಪತಿ ತನ್ನ ಕಿಟಕಿಯನ್ನು ಪೂರ್ತಿ ತೆರೆದ. ಸೋಪು, ಉಳ್ಳಾಗಡ್ಡಿ, ಮೀನಿನ ಸಂದಿ ಯಾವುದಕ್ಕೂ ಬಗ್ಗುವ ವಾಸನೆ ಅದಲ್ಲ ಅಂತ ಮಂದಿಯ ಮುಖ ನೋಡಿಯೇ ತಿಳಿಯಿತು. ಹಾಗೇ ಮನೆಗೆ ಹೋದೆ.

ಅತ್ತೆ ಬಾಗಿಲಲ್ಲಿ ಕೂತು ಮೆಂತೆ ಪಲ್ಯ ಬಿಡಿಸುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿ, "ಇದೇನ ರೇಣುಕಾ ಇದು?" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಂಡು ಕುಂಬಳಕಾಯಿಯನ್ನೂ ತಂದಿಟ್ಟೆ. ಅಲ್ಲೇ ಕುಕ್ಕರಿಸಿ, ಆಕೆಯ ಕಾಲು ಹಿಡಿದು, ಮೆಹರಬಾನು, ಬಾಟಲಿ, ಮಸ್ಕಿ, ಉಳ್ಳಾಗಡ್ಡಿ ಎಲ್ಲ ಹೇಳಿ ಅತ್ತುಬಿಟ್ಟೆ. "ತಪ್ಪಾತ್ರಿ ಅತ್ತಿ. ಸಿಟ್ಟಿದ್ರ ಬಡೀರಿ. ದಿನಾ ಒಗ್ಗರಣಿ ಸುಡಬ್ಯಾಡ್ರಿ."

ಅತ್ತೆ ನನ್ನ ಜೇಬಿನ ಕಡೆ ಬೆರಳು ಮಾಡಿದರು. "ನಾ ಕೇಳಿದ್ದು ಅಂಗಿ ಮ್ಯಾಲಿನ ಎಣ್ಣಿ ಡಾಗ," ಅಂದರು.

ನೆಲ ಬಾಯಿ ತೆರೆದರೆ ಸಾಕಿತ್ತು. ಇಡೀ ರಸ್ತೆಗೆ ಗೊತ್ತಿದ್ದದ್ದನ್ನು, ಗೊತ್ತಿಲ್ಲದಿದ್ದ ಒಬ್ಬರೇ ಒಬ್ಬರಿಗೆ ನಾನೇ ಬಾಯಾರೆ ಹೇಳಿದ್ದೆ.

"ಎಷ್ಟು ದಿನಾತು?" ಅಂತ ಕೇಳಿದರು.

"ಹತ್ತು ತಿಂಗಳಾತ್ರಿ."

"ನನಗ ನಾಕು ವರ್ಷಾತು," ಅಂದರು. "ವಾಸನಿ ಬರಂಗಿಲ್ಲ. ಒಂದೂ ಬರಂಗಿಲ್ಲ. ಆ ಜ್ವರದಾಗ ಹೋತು, ತಿರುಗಿ ಬರಲಿಲ್ಲ."

ನಾನು ಹಿಡಿದಿದ್ದ ಕಾಲು ಬಿಟ್ಟು ಆಕೆಯ ಪಕ್ಕ ಕೂತೆ.

"ಮಗಾ ಹೋದ ವಾರದಾಗ ಮೂಗು ಹೋತು ಅಂತ ಯಾರ ಮುಂದ ಹೇಳ್ಲಿ? ಹೇಳಿದ್ರ ನೀ ಒಲಿ ಕಸಗೋತಿದ್ದಿ. ಮತ್ತ ಈ ಮನ್ಯಾಗ ನಂದೇನು ಕೆಲಸ? ಒಗ್ಗರಣಿ ಕಣ್ಣಿಲೆ ನೋಡಿ ಇಳಸ್ತೀನಿ. ಈಗ ಕಣ್ಣಿಗೂ ಪೊರಿ ಬಂದೈತಿ. ನೀ ದಿನಾ ಚಲೋ ಆಗೇತಿ ಅಂತಿದ್ದಿ, ನಂಬಿದೆ."

"ಹೂವಿನಾಕಿಗೆ ಬ್ಯಾಡ ಅಂದ್ರೆಲ್ರಿ?"

"ಮಲ್ಲಿಗಿ ಕೈಯಾಗ ಹಿಡದ್ರ ಬರೇ ಒದ್ದಿ ಹತ್ತಿ ಹಿಡದಂಗ ಆಗತಿತ್ತು. ಎದಿ ಒಡೀತಿತ್ತು. ಅದಕ ಬ್ಯಾಡ ಅಂದೆ." ಮೆಂತೆಯ ಕಡ್ಡಿಯೊಂದನ್ನು ಮುರಿದರು. "ನೀ ಮುಡಕೊಂಡಿದ್ರ ಆವತ್ತು ಬೈತಿದ್ನೋ ಏನೋ. ಸುಳ್ಳ್ಯಾಕ ಹೇಳ್ಲಿ. ಈಗ ಇಲ್ಲ."

ಹೊತ್ತು ಮುಳುಗಿತು. ಒಳಗೆ ಹೋಗಿ ದೀಪ ಹಾಕಲು ಇಬ್ಬರೂ ಏಳಲಿಲ್ಲ. ಅತ್ತೆ, "ಹೆಂಗ ಬರತೈತಿ ಅದು? ಹೇಳು," ಅಂದರು. ಹೇಳಿದೆ. ಸಿಂಧನೂರಲ್ಲಿ ತೊಟ್ಟಿನ ಘಾಟು, ಕಾಲುವೆ ಹತ್ತಿರ ಮೊಗ್ಗು, ಮಸ್ಕಿಯಲ್ಲಿ ಹೂವು, ಲಿಂಗಸುಗೂರಲ್ಲಿ ಬಾಡಿದ ದಂಡೆ. ಆಕೆ ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ ಕೈ ಮುಂದೆ ಚಾಚಿದರು. "ಹಚ್ಚು."

"ನಿಮಗ ಬರಂಗಿಲ್ಲಲ್ರಿ ಅತ್ತಿ."

"ನಿನಗ ಬರತೈತಲ್ಲ. ನೀ ಹೇಳು."

ಬಾಟಲಿ ಬರಿದಾಗಿತ್ತು. ಒದ್ದೆ ಜೇಬನ್ನೇ ಆಕೆಯ ಮಣಿಕಟ್ಟಿಗೆ ಒತ್ತಿದೆ, ತಿಕ್ಕಲಿಲ್ಲ. ಬಗ್ಗಿ ಮೂಸಿದೆ. ಏನೂ ಬರಲಿಲ್ಲ. ಆ ಸಂಜೆಯೆಲ್ಲ ಅತ್ತರಿನಲ್ಲಿ ಮುಳುಗಿದ ನನ್ನ ಮೂಗು ದಣಿದು ಸತ್ತುಹೋಗಿತ್ತು. ಮೆಹರಬಾನು ಮೊದಲೇ ಹೇಳಿದ್ದಳು.

"ಬರಾಕತ್ತೇತೇನ?" ಅಂತ ಅತ್ತೆ ಕೇಳಿದರು.

"ಬರಾಕತ್ತೇತ್ರಿ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು, "ಈಗ ಎಲ್ಲಿಗೆ ಬಂತು?"

"ಮಸ್ಕಿಗೆ ಬಂತ್ರಿ ಅತ್ತಿ," ಅಂದೆ.