ನೊಯೆರಿನಾಳ ಗೋರಿಯ ಸೇವಂತಿಗೆ

ಕಸಲಿನಾ ನಬುಕೀರಾಳ ಕೆಲಸ ಎಲೆ ಮಗುಚಿ ನೋಡುವುದು. ಎಂಟೆಬ್ಬೆ ರಸ್ತೆಯಿಂದ ಸರೋವರದ ಕಡೆಗೆ ಇಳಿಯುವಲ್ಲಿ ನಮ್ಮ ಸೇವಂತಿಗೆ ತೋಟ. ಉದ್ದುದ್ದ ಪ್ಲಾಸ್ಟಿಕ್ ಮನೆಗಳು, ಒಳಗೆ ಸಾಲು ಸಾಲು ಗಿಡ. ಅವಳು ಬಗ್ಗಿಕೊಂಡೇ ಸಾಲು ಮುಗಿಸುತ್ತಿದ್ದಳು. ನುಸಿಯೋ ಹೇನೋ ಬೂಷ್ಟೋ ಕಂಡರೆ ಅಲ್ಲಿ ಕೆಂಪು ಪಟ್ಟಿ ಕಟ್ಟಬೇಕು, ಹಿಂದೆಯೇ ಔಷಧಿ ಹೊಡೆಯುವವರು ಬರುತ್ತಾರೆ.

ಆದರೆ ತೋಟದಲ್ಲಿ ಒಂದು ಹೂವೂ ಇರಲಿಲ್ಲ. ನಾವು ಕುಡಿ ಚಿವುಟಿ ವಿಮಾನಕ್ಕೆ ಕಳಿಸುವವರು. ಬೇರು ಬಿಡುವುದು, ಅರಳುವುದು ಎಲ್ಲ ಯುರೋಪಿನಲ್ಲಿ. ಗಿಡ ಮೊಗ್ಗು ಬಿಡದಿರಲೆಂದು ರಾತ್ರಿ ದೀಪ ಉರಿಸುತ್ತಿದ್ದರು. ಕಸಲಿನಾಳ ತಂಗಿ ನೊಯೆರಿನಾಗೆ ಅದೇ ಕೊರಗು.

"ಏನಕ್ಕಾ ಇದು! ಮದುವೆಗೆ ಹೋಗಿ ಪಾತ್ರೆ ತೊಳೆದು, ಮದುಮಗಳ ಮುಖ ನೋಡದೇ ಬಂದ್ಹಾಗಾಯ್ತಲ್ಲ" ಎನ್ನುತ್ತಿದ್ದಳು ಕುಡಿ ಚಿವುಟುತ್ತಾ.

ಆ ನೊಯೆರಿನಾ ಜ್ವರ ಬಂದು ಒಂದೇ ವಾರದಲ್ಲಿ ಹೋದಳು. ತಾಯಿಯ ಮನೆ ಹಿಂದೆ, ಬಾಳೆತೋಟದಲ್ಲಿ, ಅಪ್ಪನ ಪಕ್ಕ ಮಣ್ಣು ಮಾಡಿದೆವು.

ತೋಟದಿಂದ ಕಡ್ಡಿ ಹೊರಗೆ ಒಯ್ಯುವಂತಿಲ್ಲ, ರೋಗದ ಭಯಕ್ಕೆ ಕೆಲಸದವರು ಮನೆಯಲ್ಲಿ ಸೇವಂತಿಗೆ ಬೆಳೆಸುವಂತೆಯೂ ಇಲ್ಲ. ಆದರೂ ಕಸಲಿನಾ, ಬೇಡವೆಂದು ಕಸದ ಗುಂಡಿಗೆ ಎಸೆದಿದ್ದ ಕುಡಿಗಳನ್ನು ತಲೆಬಟ್ಟೆಯೊಳಗೆ ಸುತ್ತಿಕೊಂಡು ಹೋಗಿ ಗೋರಿಯ ಮೇಲೆ ನೆಟ್ಟಳು. ದೀಪದ ಕಾಟವಿಲ್ಲದ ಕಡೆ ಅವು ಬೇಗನೆ ಮೊಗ್ಗಾದವು. ತಿಳಿ ನೇರಳೆ ಬಣ್ಣ. ತಾಯಿ ಎಷ್ಟೋ ಹೊತ್ತು ನೋಡುತ್ತಾ ನಿಂತಳಂತೆ. "ಅವಳ ಮದುವೆಗೆ ಇದೇ ಬಣ್ಣದ ಗೋಮೆಸಿ ಹೊಲಿಸಬೇಕು ಅಂದ್ಕೊಂಡಿದ್ದೆ ಕಣೇ" ಅಂದಳಂತೆ.

ಮುಂದಿನ ದೊಡ್ಡ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕಸಲಿನಾ ಸಾಲಿನ ನಡುವೆ ಹಾಗೇ ನಿಂತುಬಿಟ್ಟಳು. ಎಲೆಯ ಮೇಲೆ ಮಾಸಲು ಹಳದಿ ಚುಕ್ಕಿ. ಮಗುಚಿದರೆ ಬಿಳಿ ಗುಳ್ಳೆ, ನಸುಗೆಂಪು ಅಂಚು. ನಮ್ಮ ಮೇಲ್ವಿಚಾರಕ ವಾಸ್ವಾನನ್ನು ಕೂಗಿದಳು.

"ನೀರಿನ ಕಲೆ ಇರ್ಬೇಕು, ಸರಿಯಾಗಿ ನೋಡು" ಅಂದ ಅವನು. ದನಿ ಬೇಡಿಕೊಳ್ಳುವಂತಿತ್ತು.

"ಅಲ್ಲ ಸ್ವಾಮಿ. ಬಿಳಿ ತುಕ್ಕು."

ಬಿಳಿ ತುಕ್ಕಿಗೆ ಔಷಧಿ ಇಲ್ಲವೆಂದಲ್ಲ. ಆದರೆ ಆ ಹೆಸರು ಕೇಳಿದರೆ ಸಾಕು, ಕೊಳ್ಳುವವರು ಬಾಗಿಲು ಮುಚ್ಚುತ್ತಾರೆ. ಆ ಪ್ಲಾಸ್ಟಿಕ್ ಮನೆಯ ಗಿಡವನ್ನೆಲ್ಲ ಕಿತ್ತೆವು. ಎಲೆ ಉದುರದ ಹಾಗೆ ಚೀಲಕ್ಕೆ ತುಂಬಿ ಹೂತೆವು. ಉಳಿದ ಮನೆಗಳಿಗೆ ಔಷಧಿ ಹೊಡೆದು, ಗಾಳಿ ಆಡಲೆಂದು ಪರದೆ ಎತ್ತಿದರು. ರವಾನೆ ನಿಂತಿತು. ಹಂಗಾಮಿ ಕೆಲಸದವರನ್ನೆಲ್ಲ ಮನೆಗೆ ಕಳಿಸಿದರು. ಕಸಲಿನಾಳ ಪಕ್ಕದ ಬಾಡಿಗೆ ಕೋಣೆಯ ತೆರೇಜಾಳ ಕೆಲಸವೂ ಹೋಯಿತು. ಗಂಡನಿಲ್ಲದ ಹೆಂಗಸು, ಎರಡು ಮಕ್ಕಳು.

ಭಾನುವಾರ ಕಸಲಿನಾ ತಾಯಿಮನೆಗೆ ಹೋದಳು. ಗೋರಿಯ ಹತ್ತಿರ ಕೂತಾಗ ಕೈ ತಾನಾಗಿಯೇ ಒಂದು ಎಲೆ ಮಗುಚಿತು. ಇನ್ನೊಂದು ಮಗುಚಿದಳು. ಎಲ್ಲದರಲ್ಲೂ ಅದೇ ಗುಳ್ಳೆ.

"ಅಮ್ಮಾ, ಇದು ಯಾವಾಗಿಂದ ಹೀಗಿದೆ?"

"ಮಳೆ ಶುರುವಾದಾಗಿಂದ. ಯಾಕೆ?"

ಗುಂಡಿಯ ಕುಡಿಯಲ್ಲೇ ರೋಗ ಅಡಗಿತ್ತೋ, ಗಾಳಿಗೆ ಬಂತೋ, ಇಲ್ಲಿಂದ ಅವಳ ಬಟ್ಟೆಗೆ ಅಂಟಿದ ಎಲೆಚೂರು ತೋಟಕ್ಕೆ ಹೋಯಿತೋ, ಹೇಳುವವರು ಯಾರು? ಅವಳು ಕೀಳತೊಡಗಿದಳು. ತಾಯಿ ಓಡಿಬಂದು ಕೈ ಹಿಡಿದಳು.

"ಹುಚ್ಚು ಹಿಡೀತಾ ನಿಂಗೆ? ಸತ್ತವಳ ಮೈಮೇಲಿಂದ ಬಟ್ಟೆ ಎಳೀತೀಯಲ್ಲೇ!"

"ಬಿಡಮ್ಮಾ. ಇದು ಇದ್ದಷ್ಟು ದಿನ ಯಾರಿಗೂ ಕೆಲಸ ಇಲ್ಲ."

ಹಸಿ ಗಿಡ ಉರಿಯಲಿಲ್ಲ. ಒಣ ಬಾಳೆಗರಿ ಹಾಕಿ ಸುಟ್ಟಳು. ಹೊಗೆಯೆಲ್ಲ ಮನೆಯೊಳಕ್ಕೆ ನುಗ್ಗಿತು. ತಾಯಿ ಅಂದು ಬೇಯಿಸಿದ ಬಾಳೆಕಾಯಿ ಮಟೋಕೆಯನ್ನು ಮಗಳಿಗೆ ಬಡಿಸಲಿಲ್ಲ.

ಸೋಮವಾರ ಎಲ್ಲವನ್ನೂ ವಾಸ್ವಾಗೆ ಹೇಳಿದಳು.

"ಯಾಕೆ ಬಾಯಿಬಿಟ್ಟೆ? ಯಾರಾದ್ರೂ ಕೇಳಿದ್ರಾ ನಿನ್ನ?" ಅವನು ತಲೆ ಹಿಡಿದುಕೊಂಡ. "ಈಗ ನಾನು ಮೇಲಿನವರಿಗೆ ಹೇಳ್ಲೇಬೇಕು."

"ಹೇಳಿ. ಹೊಸ ಗಿಡ ನೆಡೋ ಮುಂಚೆ ಸುತ್ತಲಿನ ಅಂಗಳ ಎಲ್ಲಾ ನೋಡ್ಸಿ. ಇಲ್ದಿದ್ರೆ ಮತ್ತೆ ಬರುತ್ತೆ."

ನೋಡಿದರು. ಹಲವು ಅಂಗಳಗಳಲ್ಲಿ, ಇಗರ್ಜಿಯ ಮೆಟ್ಟಿಲ ಬಳಿಯಲ್ಲೂ ನಮ್ಮ ತೋಟದ ಸೇವಂತಿಗೆಯೇ ಇತ್ತು, ಕೆಲವುಗಳಲ್ಲಿ ತುಕ್ಕು. ಎಲ್ಲರೂ ರಸ್ತೆಬದಿಯಲ್ಲಿ ಕೊಂಡದ್ದು ಎಂದರು. ಕದ್ದೆ ಎಂದು ಒಪ್ಪಿಕೊಂಡವಳು ಕಸಲಿನಾ ಒಬ್ಬಳೇ. ಕೆಲಸ ಹೋದದ್ದೂ ಅವಳದೇ.

ಸುದ್ದಿ ಕೇಳಿದ ತೆರೇಜಾ ನಲ್ಲಿಯ ಹತ್ತಿರ, ನಮ್ಮೆಲ್ಲರ ಮುಂದೆ, ಕೊಡ ಕೆಳಗಿಟ್ಟಳು.

"ನಿನ್ನ ತಂಗಿಗೆ ಹೂವಾದ್ರೂ ಸಿಕ್ತು. ನನ್ನ ಮಕ್ಕಳಿಗೆ ಏನು ಸಿಕ್ತಮ್ಮಾ?"

ಕಸಲಿನಾ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೊರಟಳು. ನಮ್ಮಲ್ಲಿ ಯಾರೂ ಅವಳ ಪರ ಒಂದು ಮಾತು ಆಡಲಿಲ್ಲ.

ಮಳೆ ಮುಗಿದು ಬಿಸಿಲು ಬಿದ್ದ ಮೇಲೆ ಹೊಸ ಗಿಡ ಬಂದವು, ತೆರೇಜಾಳನ್ನು ಮತ್ತೆ ಕರೆದರು. ಕಸಲಿನಾ ಈಗ ದೋಣಿಕಟ್ಟೆಯಲ್ಲಿ ಸಣ್ಣ ಮೀನು ಒಣಗಿಸುತ್ತಾಳೆ. ಮೊನ್ನೆ ನಾನು ಮೀನು ತರಲು ಹೋದಾಗ, ಈ ಸಲ ಗಿಡ ಹೇಗಿವೆ ಎಂದು ಕೇಳಿದಳು. ಚೆನ್ನಾಗಿವೆ ಎಂದೆ. ತನ್ನ ಬಗ್ಗೆ ತೆರೇಜಾ ಏನಾದರೂ ಅಂದಳಾ ಎಂದು ಕೇಳಿದಳು. ಇಲ್ಲ ಎಂದೆ. ತಲೆಯಾಡಿಸಿ, ಬಲೆಯ ಮೇಲೆ ಹರಡಿದ್ದ ಮೀನನ್ನು ಬಿಸಿಲಿಗೆ ತಿರುವಿ ಹಾಕತೊಡಗಿದಳು.