ತಿರುಗಲೊಲ್ಲದ ದೋಣಿ

ನಮ್ಮ ಗಣಿತದ ಮೇಷ್ಟ್ರ ಎಡಗೈ ಯಾವಾಗಲೂ ಕೋಟಿನ ಜೇಬಿನಲ್ಲೇ ಇರುತ್ತಿತ್ತು. ಚಿಕ್ಕಂದಿನ ಯಾವುದೋ ಜ್ವರ ಅದರ ಬಲವನ್ನೆಲ್ಲ ಹೀರಿಬಿಟ್ಟಿತ್ತು. ಡಸ್ಟರಿಗೂ ಸೀಮೆಸುಣ್ಣಕ್ಕೂ ಕೊಡೆಗೂ ಬಲಗೈ ಒಂದೇ. ಆ ಒಂದೇ ಕೈಯಲ್ಲಿ ಹುಟ್ಟು ಹಾಕಿ, ಯಾರ ನೆರವೂ ಇಲ್ಲದೆ ಇಲವಾಲದ ಕೆರೆ ದಾಟಿ ಬರಬೇಕೆಂಬುದು ಅವರ ಬಹುದಿನದ ಆಸೆ.

ವಿದ್ಯಾರಣ್ಯಪುರದ ಅವರ ಮನೆಯ ಹಿತ್ತಲಲ್ಲಿ ನೀರಿನ ತೊಟ್ಟಿಯಿತ್ತು. ಬಾಳೆದಿಂಡಿನಲ್ಲಿ ಪುಟ್ಟ ದೋಣಿಗಳನ್ನು ಕೆತ್ತಿ ಅದರಲ್ಲಿ ತೇಲಿಸಿ, ಒಂದೇ ಪಕ್ಕದಿಂದ ಕಡ್ಡಿಯಲ್ಲಿ ತಳ್ಳುವರು. ಗುಂಡು ತಳದ್ದು ಹೊರಳುತ್ತಿತ್ತು. ಚಪ್ಪಟೆ ತಳದ್ದು ಹೊರಳದು, ಆದರೆ ಗಿಡ್ಡವಾದರೆ ಗಿರ್ರನೆ ತಿರುಗಿಬಿಡುವುದು. ಉದ್ದ ಮಾಡಿ, ತಳದ ನಡುವೆ ತಗಡಿನ ಪಟ್ಟಿ ಸಿಕ್ಕಿಸಿದರೆ ಮಾತ್ರ ನೆಟ್ಟಗೆ ಹೋಗುತ್ತಿತ್ತು.

"ತೊಟ್ಟೀಲಿ ಬಟ್ಟೆ ನೆನೆಸೋ ಹಾಗಿಲ್ಲ, ಇವನ ಹಡಗು ನಿಂತಿರ್ತವೆ!" ಎಂದು ಅವರ ಅಕ್ಕ ಗೊಣಗುವರು. ನಮಗೆಲ್ಲ ಅವರು ಅಕ್ಕನೇ. "ಇವನಿಗೆ ಈಜಕ್ಕೆ ಬರಲ್ಲ ಕಣೋ. ಚರ್ಚೆಲಿ ಗೆಲ್ಲೋನಲ್ವಾ ನೀನು? ವಾದ ಮಾಡಿ ಬಿಡಿಸು."

ನಾನು ಶುರು ಮಾಡಿಯೇಬಿಟ್ಟೆ. "ನೆಟ್ಟಗೆ ಹೋಗುತ್ತೆ, ಒಪ್ಪಿದೆ ಸಾರ್. ಅದೇ ಗುಣ ತಿರುಗಕ್ಕೂ ಬಿಡಲ್ಲವಲ್ಲ? ವಾಪಸ್ ಹೇಗೆ ಬರ್ತೀರಿ? ಸಾಲದ್ದಕ್ಕೆ ಎರಡು ತುದಿಗೂ ಚೂಪು ಮೂತಿ. ಹಿಂದು ಯಾವುದು, ಮುಂದು ಯಾವುದು?"

"ಪ್ರಶ್ನೆ ಚೆನ್ನಾಗಿದೆ ಕಣಯ್ಯಾ" ಎಂದರು. ಉತ್ತರ ಗೊತ್ತಿದ್ದರೂ ಅದೇ ಮಾತು, ಗೊತ್ತಿಲ್ಲದಿದ್ದರೂ ಅದೇ ಮಾತು.

ಬಡಗಿಯಿಂದ ಅದೇ ಮಾದರಿಯ ದೋಣಿ ಮಾಡಿಸಿ ಎತ್ತಿನಗಾಡಿಯಲ್ಲಿ ಕೆರೆಗೆ ಸಾಗಿಸಿದೆವು. ಮೇಷ್ಟ್ರು ಬಲಕ್ಕೆ ಮಾತ್ರ ಹುಟ್ಟು ಹಾಕುತ್ತ, ಆಚೆ ದಡದ ಜೊಂಡಿನವರೆಗೆ ಗೆರೆ ಎಳೆದಂತೆ ಹೋದರು. ಅಲ್ಲಿ ತಿರುಗಿಸಲು ನೋಡಿದರು. ದೋಣಿ ಜಗ್ಗಲಿಲ್ಲ. ನನ್ನ ವಾದ ಗೆದ್ದಿತ್ತು.

"ಅಲ್ಲಾಡ್ಬೇಡ್ವೋ! ಅಲ್ಲೇ ಕೂತಿರೋ!" ಅಕ್ಕ ಕೂಗಿದರು.

ಮೇಷ್ಟ್ರು ಅಲ್ಲಾಡಿಯೇಬಿಟ್ಟರು. ಅಂಚು ಹಿಡಿದು ಅರ್ಧ ಎದ್ದು, ಮೆಲ್ಲಗೆ ನಮ್ಮತ್ತ ಮುಖ ಮಾಡಿ ಕುಳಿತರು. ಚಪ್ಪಟೆ ತಳ ಕೊಂಚ ತೂಗಿ ಸುಮ್ಮನಾಯಿತು. ಹಿಂದಿನ ಮೂತಿಯೇ ಈಗ ಮುಂದಿನದು. ಹೋದ ಹಾಗೆಯೇ ನೆಟ್ಟಗೆ ಬಂದರು.

"ದೋಣಿ ಯಾಕಯ್ಯಾ ತಿರುಗಬೇಕು? ನಾನೇ ತಿರುಗಿದೆ" ಎಂದರು, ದಡಕ್ಕೆ ಕಾಲಿಡುತ್ತ. ನನ್ನ ವಾದದಲ್ಲಿ ಈ ದಾರಿ ಇರಲೇ ಇಲ್ಲ. ಅಕ್ಕ ಬೈಯುತ್ತಲೇ ಸೆರಗಿನಿಂದ ಅವರ ಹಣೆ ಒರೆಸಿದರು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮೊನ್ನೆ ಅಕ್ಕ ತಾವಾಗಿಯೇ ಕೆರೆಗೆ ಹೊರಟರು, ನನ್ನೊಡನೆ ಅದೇ ದೋಣಿಯನ್ನೂ ಹತ್ತಿದರು. ಆಚೆ ದಡ ಮುಟ್ಟಿದಾಗ, ಎರಡು ಕೈಯಿರುವ ಗರ್ವದಲ್ಲಿ ನಾನು ಹುಟ್ಟು ಒತ್ತಿ ದೋಣಿ ತಿರುಗಿಸಲು ಹೆಣಗುತ್ತಿದ್ದೆ. ಬೆವರು ಒರೆಸಿಕೊಳ್ಳಲು ತಲೆಯೆತ್ತಿದರೆ, ಅಕ್ಕ ಆಗಲೇ ತಿರುಗಿ ಕುಳಿತಿದ್ದರು.